ಕಾರಿಗೆ ಶಾರ್ಟ್ ಶಿಫ್ಟರ್ ಹಾಕೋದು ಹೇಗೆ? ಬೋಲ್ಟ್ ಬಿಚ್ಚೋ ಮುಂಚೆ ಇದನ್ನ ಪೂರ್ತಿ ಓದ್ಕೊಳ್ಳಿ

ನಂದಿ ಬೆಟ್ಟದ ತಿರುವುಗಳಲ್ಲಿ ಗಾಡಿ ಓಡ್ಸೋ ಹುಡುಗ್ರು ಜಾಸ್ತಿ ಆದಂಗೆಲ್ಲ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. ಚಿಕ್ಕಬಳ್ಳಾಪುರದಿಂದ ಬರುತ್ತೆ, ಶಿಡ್ಲಘಟ್ಟ ಚಿಂತಾಮಣಿ ಕಡೆಯಿಂದ ಬರುತ್ತೆ, ಕೋಲಾರದಿಂದಾನೂ ಬರುತ್ತೆ: "ಅಣ್ಣ, ಗೇರ್ ರಾಡ್ ತುಂಬಾ ದೂರ ಹೋಗುತ್ತೆ, ಸೆಕೆಂಡ್‌ಗೆ ಎಳೆಯೋಷ್ಟರಲ್ಲಿ ತಿರುವೇ ಮುಗ್ದೋಗಿರುತ್ತೆ, ಶಾರ್ಟ್ ಶಿಫ್ಟರ್ ಹಾಕ್ಕೋಬೋದಾ? ಮನೇಲೇ ಮಾಡ್ಬೋದಾ?"

ಹಾಕ್ಕೋಬೋದು. ಶಾರ್ಟ್ ಶಿಫ್ಟರ್ ಅಂದ್ರೆ ಗೇರ್ ಹಾಕುವಾಗ ರಾಡ್ ಓಡಾಡೋ ದೂರ ಕಮ್ಮಿ ಮಾಡೋ ಭಾಗ. ಸ್ಪ್ಯಾನರ್ ಹಿಡಿದು ಅಭ್ಯಾಸ ಇರೋವ್ರು ಮನೇಲೇ ಮಾಡ್ಬೋದು, ಮೊದಲ ಸಲ ಆದ್ರೆ ಒಂದು ಪೂರ್ತಿ ದಿನ ಬಿಡುವು ಇಟ್ಕೊಳ್ಳಿ. ಆದ್ರೆ ಬಹಳ ಜನ ಇದನ್ನ ಹಳೇದು ಬಿಚ್ಚು ಹೊಸದು ಹಾಕು ಅಷ್ಟೇ ಅಂದ್ಕೊಂಡಿದಾರೆ, ಹಂಗಲ್ಲ. ರಾಡ್ ಬದಲಾಯಿಸೋದು ಸುಲಭದ ಭಾಗ. ಬದಲಾಯಿಸಿದ ಮೇಲೆ ಗೇರ್ ಬಾಕ್ಸ್ ಒಳಗೆ ಪ್ರತಿ ಗೇರೂ ಪೂರ್ತಿ ಕೂತ್ಕೊಳ್ತಾ ಇದೆಯಾ ಅಂತ ನೋಡಿ, ರಾಡಿಂದ ಗೇರ್ ಬಾಕ್ಸ್‌ಗೆ ಹೋಗೋ ಕೇಬಲ್ ಸರಿಯಾಗಿ ಹೊಂದಿಸೋದೇ ನಿಜವಾದ ಕೆಲಸ, ಈ ಲೇಖನದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದೀನಿ.

ಇದು ಮಾಡೋದೇನು

ಒಂದು ಗೇರಿಂದ ಇನ್ನೊಂದಕ್ಕೆ ಹಾಕುವಾಗ ನಾಬ್ (ರಾಡ್ ತುದೀಲಿ ಕೈ ಹಿಡಿಯೋ ಗುಬ್ಬಿ) ಎಷ್ಟು ದೂರ ಓಡಾಡುತ್ತೋ ಅದಕ್ಕೆ ಥ್ರೋ ಅಂತಾರೆ. ಗೇರ್ ರಾಡ್ ಕೆಳಗೆ ಒಂದು ಗುಂಡಿನ ಮೇಲೆ ತಿರುಗುತ್ತೆ, ಅದು ಪಿವಟ್. ಹಳೇ ಬಾವಿ ಹತ್ರ ಏತ ನೋಡಿರೋವ್ರಿಗೆ ಇದು ಬೇಗ ಅರ್ಥ ಆಗುತ್ತೆ: ಆಧಾರದ ಕಂಬದಿಂದ ಒಂದು ಕಡೆ ಉದ್ದ ಜಾಸ್ತಿ ಆದ್ರೆ ಆ ಕಡೆ ಓಡಾಟ ಜಾಸ್ತಿ, ಬಲ ಕಮ್ಮಿ ಸಾಕು.

ಲೆಕ್ಕದಲ್ಲಿ ನೋಡಿ. ಪಿವಟ್ ಮೇಲೆ ನಾಬ್ ತನಕ 200 ಎಂಎಂ, ಪಿವಟ್ ಕೆಳಗೆ ಕೇಬಲ್ ಸಿಗಿಸೋ ಜಾಗದ ತನಕ 50 ಎಂಎಂ ಅಂತ ಇಟ್ಕೊಳ್ಳಿ. ಕೇಬಲ್ 25 ಎಂಎಂ ಸರೀಬೇಕು ಅಂದ್ರೆ ನಾಬ್ 100 ಎಂಎಂ ಓಡಾಡ್ಬೇಕು. ಈಗ ಕೆಳಗಿನ ಭಾಗ 65 ಎಂಎಂ ಮಾಡಿದ್ರೆ ಅದೇ 25 ಎಂಎಂ‌ಗೆ ನಾಬ್ ಸುಮಾರು 77 ಎಂಎಂ ಓಡಾಡಿದ್ರೆ ಸಾಕು. ಥ್ರೋ ಸುಮಾರು ಶೇ. 23 ಕಮ್ಮಿ ಆಯ್ತು. ಆದ್ರೆ ಕೈಗೆ ಬೇಕಾದ ಬಲ ಶೇ. 30 ಜಾಸ್ತಿ ಆಯ್ತು. ಇದು ಪುಕ್ಕಟೆ ಸಿಗೋದಲ್ಲ, ದೂರ ಉಳಿಸಿದ್ದಕ್ಕೆ ಬಲದಲ್ಲಿ ಕೊಡ್ಲೇಬೇಕು. ಬೆಂಗಳೂರಿಗೆ ದಿನಾ ಹೋಗಿ ಬಂದು ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತು ನಿಂತು ಗೇರ್ ಹಾಕೋವ್ರು ಶೇ. 40, 50 ಕಮ್ಮಿ ಮಾಡೋ ಕಿಟ್‌ಗೆ ಆಸೆ ಪಡಬೇಡಿ, ವಾರದಲ್ಲಿ ಬೇಜಾರಾಗುತ್ತೆ. ರಸ್ತೆ ಗಾಡಿಗೆ ಶೇ. 20 ರಿಂದ 30 ಕಮ್ಮಿ ಆದ್ರೆ ಧಾರಾಳ ಆಯ್ತು ಅನ್ನೋದು ನನ್ನ ಅಭಿಪ್ರಾಯ.

ಇಲ್ಲಿ ತುಂಬಾ ಜನ ತಲೆ ಕೆಡಿಸ್ಕೊಳ್ಳೋ ವಿಷಯ ಒಂದಿದೆ. ಕ್ಯಾಬಿನ್ ಒಳಗಿನ ರಾಡಲ್ಲಿ ಪಿವಟ್ ಕೆಳಗಿನ ಭಾಗ ಉದ್ದ ಆದ್ರೆ ಥ್ರೋ ಕಮ್ಮಿ ಆಗುತ್ತೆ. ಅದೇ ಕೇಬಲ್‌ನ ಇನ್ನೊಂದು ತುದೀಲಿ, ಗೇರ್ ಬಾಕ್ಸ್ ಮೇಲಿರೋ ಕೈ (ಲಿವರ್) ಇದೆಯಲ್ಲ, ಅದು ಗಿಡ್ಡ ಆದ್ರೆ ಥ್ರೋ ಕಮ್ಮಿ ಆಗುತ್ತೆ. ಎರಡೂ ಉಲ್ಟಾ. ಅದಕ್ಕೇ ಕೆಲವು ಕಿಟ್‌ನಲ್ಲಿ ಉದ್ದನೆಯ ರಾಡ್ ಬರುತ್ತೆ, ಕೆಲವು ಕಿಟ್‌ನಲ್ಲಿ ಬಾನೆಟ್ ಕೆಳಗೆ ಹಾಕೋ ಪುಟ್ಟ ಕೈ ಮಾತ್ರ ಬರುತ್ತೆ, ನೋಡಿ ಗಾಬರಿ ಆಗ್ಬೇಡಿ.

ಇದು ಮಾಡದೇ ಇರೋದೇನು

ಸವೆದಿರೋ ಗೇರ್ ಬಾಕ್ಸನ್ನ ಇದು ಸರಿ ಮಾಡಲ್ಲ. ಗೇರ್ ಬಾಕ್ಸ್ ಒಳಗೆ ಸಿಂಕ್ರೋ ಅಂತ ಉಂಗುರ ಇರುತ್ತೆ, ಸಾಮಾನ್ಯವಾಗಿ ಹಿತ್ತಾಳೆಯದ್ದು, ಗೇರ್ ಕಚ್ಕೊಳ್ಳೋ ಮುಂಚೆ ತಿಕ್ಕಿ ತಿಕ್ಕಿ ಎರಡೂ ಭಾಗದ ಸ್ಪೀಡ್ ಒಂದೇ ಮಾಡೋದು ಅದರ ಕೆಲಸ. ಅದಕ್ಕೆ ಒಂದು ಕ್ಷಣ ಟೈಮ್ ಬೇಕು. ಶಾರ್ಟ್ ಶಿಫ್ಟರ್ ನಿಮ್ಮ ಕೈನ ಬೇಗ ಮಾಡುತ್ತೆ, ಸಿಂಕ್ರೋನ ಬೇಗ ಮಾಡಲ್ಲ. ಈಗಾಗ್ಲೇ ಸೆಕೆಂಡ್ ಗೇರ್ ಹಾಕುವಾಗ ಕರಕರ ಅಂತಿದ್ರೆ ಇದನ್ನ ಹಾಕಿದ ಮೇಲೆ ಇನ್ನೂ ಜಾಸ್ತಿ ಅನ್ನುತ್ತೆ. ಹಾಗಾಗಿ ದುಡ್ಡು ಖರ್ಚು ಮಾಡೋ ಮುಂಚೆ ಇಷ್ಟು ನೋಡ್ಕೊಳ್ಳಿ.

ಇಂಜಿನ್ ಬಿಸಿ ಆದ ಮೇಲೆ ಗಾಡಿ ನಿಲ್ಸಿ ಐಡಲ್‌ನಲ್ಲಿ (ಇಂಜಿನ್ ಆನ್, ಆಕ್ಸಿಲರೇಟರ್ ಒತ್ತದೆ) ಕ್ಲಚ್ ಪೂರ್ತಿ ಒತ್ತಿ, ನಾಕೈದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಆಗ್ಲೂ ಕರ್ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅನ್ನೋ ಅನುಮಾನ, ಮೊದಲು ಅದನ್ನ ನೋಡಿಸಿ. ಗಾಡಿ ಆಫ್ ಮಾಡಿ ಗೇರಲ್ಲಿಟ್ಟು ನಾಬ್‌ನ ಬೆರಳಿಂದ ಅಲ್ಲಾಡಿಸಿ, ತುಂಬಾ ಲೊಡಲೊಡ ಅಂದ್ರೆ ಬುಷ್ ಹೋಗಿದೆ. ಬುಷ್ ಅಂದ್ರೆ ಎರಡು ಲೋಹದ ಭಾಗಗಳ ಮಧ್ಯೆ ಕೂರಿಸಿರೋ ಪ್ಲಾಸ್ಟಿಕ್ ಅಥವಾ ರಬ್ಬರ್ ಬಳೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ರಾಡೇ ಹಿಂದೆ ಮುಂದೆ ಕುಣಿದ್ರೆ ಇಂಜಿನ್ ಮೌಂಟ್ (ಇಂಜಿನ್ ಹಿಡಿದಿರೋ ರಬ್ಬರ್ ಆಧಾರ) ನೋಡಿ. ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ನೆನಪೇ ಇಲ್ಲ ಅಂದ್ರೆ ಮೊದಲು ಅದನ್ನ ಬದಲಾಯಿಸಿ, ಗಾಡಿ ಪುಸ್ತಕದಲ್ಲಿ ಬರೆದಿರೋ ಗ್ರೇಡೇ ಹಾಕಿ. ಜಿಎಲ್-4 ಅಂತ ಬರೆದಿದ್ರೆ "ಜಿಎಲ್-5 ಇನ್ನೂ ಒಳ್ಳೇದು" ಅಂತ ಅಂಗಡಿಯವ್ರು ಹೇಳಿದ್ರೂ ಹಾಕಿಸ್ಕೋಬೇಡಿ, ಜಿಎಲ್-5 ರಲ್ಲಿ ಗಂಧಕ ಮತ್ತೆ ರಂಜಕ ಸೇರಿರೋ ಮದ್ದು ಜಾಸ್ತಿ ಇರುತ್ತೆ, ಅದು ಹಿತ್ತಾಳೆ ಸಿಂಕ್ರೋಗೆ ಆಗಿ ಬರಲ್ಲ.

ಈ ನಾಲ್ಕನ್ನ ಸರಿ ಮಾಡಿದ್ರೆ ಎಷ್ಟೋ ಜನಕ್ಕೆ ಶಾರ್ಟ್ ಶಿಫ್ಟರ್ ಬೇಕು ಅನ್ನಿಸೋದೇ ನಿಂತೋಗುತ್ತೆ. ನಮ್ಮ ಕಡೆ ಕಲ್ಲು ಕ್ವಾರಿ, ಕ್ರಷರ್ ಧೂಳು ಬೇರೆ, ಬಾನೆಟ್ ಕೆಳಗೆ ಕೇಬಲ್ ತುದೀಲಿ ಮಣ್ಣು ಗ್ರೀಸ್ ಸೇರಿ ಉಂಡೆ ಕಟ್ಟಿರುತ್ತೆ, ಅದನ್ನ ಒರೆಸಿ ಹೊಸ ಗ್ರೀಸ್ ಹಾಕಿದ್ರೇನೇ ಅರ್ಧ ಬಿಗಿತ ಹೋಗುತ್ತೆ.

ನಿಮ್ಮ ಗಾಡೀಲಿ ಯಾವ ಥರದ್ದಿದೆ

ರಾಡಿಂದ ಗೇರ್ ಬಾಕ್ಸ್‌ಗೆ ಜೋಡಣೆ ಮೂರು ಥರ ಇದೆ. ಈಗ ರಸ್ತೇಲಿ ಓಡಾಡೋ ಇಂಜಿನ್ ಬಲ ಮುಂದಿನ ಚಕ್ರಕ್ಕೆ ಹೋಗೋ ಕಾರುಗಳಲ್ಲಿ ಬಹುಪಾಲು ಕೇಬಲ್‌ದು: ಶಿಫ್ಟ್ ಕೇಬಲ್ ಹಿಂದೆ ಮುಂದೆ ಎಳೆಯುತ್ತೆ, ಸೆಲೆಕ್ಟ್ ಕೇಬಲ್ ಎಡಕ್ಕೆ ಬಲಕ್ಕೆ ತಗೊಂಡೋಗುತ್ತೆ. ಹಳೇ ಮಾರುತಿ 800, ಎಸ್ಟೀಮ್, ಮೊದಲ ಹೋಂಡಾ ಸಿಟಿ ಇಂಥವುಗಳಲ್ಲಿ ಕೇಬಲ್ ಬದಲು ಗಾಡಿ ಕೆಳಗೆ ಕಬ್ಬಿಣದ ರಾಡ್ ಇರುತ್ತೆ. ಹಳೇ ಜೀಪ್ ಥರದ, ಇಂಜಿನ್ ಉದ್ದಕ್ಕೆ ಕೂತಿರೋ ಗಾಡಿಗಳಲ್ಲಿ ರಾಡ್ ನೇರವಾಗಿ ಗೇರ್ ಬಾಕ್ಸ್ ತಲೆ ಮೇಲೇ ಕೂತಿರುತ್ತೆ. ಕೆಳಗಿನ ಹಂತಗಳು ಕೇಬಲ್ ಗಾಡಿಗೆ, ಉಳಿದ ಎರಡಕ್ಕೆ ಕೊನೇಲಿ ಹೇಳ್ತೀನಿ.

ಕಿಟ್ ತಗೊಳ್ಳುವಾಗ ಗಾಡಿ ಹೆಸರು ಮಾತ್ರ ನೋಡ್ಬೇಡಿ, ಗೇರ್ ಬಾಕ್ಸ್ ಯಾವ್ದು, ಐದು ಗೇರೋ ಆರೋ, ಯಾವ ವರ್ಷದ್ದು ಅಂತ ಕೇಳಿ ತಗೊಳ್ಳಿ. ಒಂದೇ ಹೆಸರಿನ ಗಾಡೀಲಿ ಪೆಟ್ರೋಲ್‌ಗೆ ಒಂದು ಬಾಕ್ಸ್ ಡೀಸೆಲ್‌ಗೆ ಇನ್ನೊಂದು ಬಾಕ್ಸ್ ಇರೋದು ಮಾಮೂಲಿ. ಪಾರ್ಸಲ್ ಬಂದ ಮೇಲೆ ಹಳೇ ಭಾಗದ ಪಕ್ಕ ಹೊಸದಿಟ್ಟು ತೂತಿಗೆ ತೂತು, ಗುಂಡಿನ ಸೈಜ್, ಎಲ್ಲಾ ಹೋಲಿಸಿ. ಬೆಂಗಳೂರಲ್ಲಿ ಗಾಡಿ ಬಿಡಿಭಾಗ ಮಾರೋ ಜೆ.ಸಿ. ರೋಡ್‌ಗೆ ಹೋಗಿ ತರೋವ್ರು ಹಳೇ ಭಾಗದ ಫೋಟೋನ ಸ್ಕೇಲ್ ಪಕ್ಕ ಇಟ್ಟು ತೆಗ್ಕೊಂಡೋಗಿ.

ಇನ್ನೊಂದು ಮಾತು ಈಗ್ಲೇ ಹೇಳ್ತೀನಿ. ಕೆಲವು ಕಿಟ್ ಹಿಂದೆ ಮುಂದೆ ಓಡಾಟ ಮಾತ್ರ ಕಮ್ಮಿ ಮಾಡುತ್ತೆ, ಕೆಲವು ಎಡ ಬಲಾನೂ ಕಮ್ಮಿ ಮಾಡುತ್ತೆ. ರಸ್ತೆ ಗಾಡಿಗೆ ಮೊದಲನೇದು ಸಾಕು. ಎಡ ಬಲ ಕಮ್ಮಿ ಆದಾಗ ಗೇಟ್‌ಗಳು ಹತ್ರ ಹತ್ರ ಬಂದ್ಬಿಡ್ತವೆ. ಗೇಟ್ ಅಂದ್ರೆ ನಾಬ್ ಮೇಲೆ ಬರೆದಿರೋ ಸಾಲುಗಳು, 1-2 ಒಂದು ಸಾಲು, 3-4 ನಡುವಿನ ಸಾಲು, ಆಮೇಲೆ ಐದನೇ ಸಾಲು. ಮೂರರಿಂದ ನಾಲ್ಕಕ್ಕೆ ಹಾಕಕ್ಕೆ ಹೋಗಿ ಕೈ ಎಡಕ್ಕೆ ವಾಲಿದ್ರೆ ಎರಡಕ್ಕೆ ಬಿದ್ದು ಇಂಜಿನ್ ಆರ್‌ಪಿಎಂ ಒಂದೇ ಸಲ ಮೇಲಕ್ಕೆ ಹಾರುತ್ತೆ. ಇಂಜಿನ್‌ಗೆ ರೆವ್ ಲಿಮಿಟರ್ ಇದೆಯಲ್ಲ ಅಂತ ಧೈರ್ಯ ಇಟ್ಕೋಬೇಡಿ, ಅದು ಇಂಧನ ಕಟ್ ಮಾಡುತ್ತೆ ಅಷ್ಟೇ, ಇಲ್ಲಿ ಇಂಜಿನ್ನ ತಿರುಗಿಸ್ತಾ ಇರೋದು ಚಕ್ರಗಳು, ಅದನ್ನ ತಡೆಯೋದು ಯಾವ ಕಂಪ್ಯೂಟರ್‌ಗೂ ಆಗಲ್ಲ. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿದ್ರೆ ಇಂಜಿನ್ ಬಿಚ್ಲೇಬೇಕು.

ಬೇಕಾಗಿರೋ ಸಾಮಾನು

8, 10, 12, 13 ನಂಬರ್ ಸ್ಪ್ಯಾನರ್ ಮತ್ತೆ ಬಾಕ್ಸ್ ಸೆಟ್, ಉದ್ದ ಎಕ್ಸ್‌ಟೆನ್ಷನ್ ರಾಡ್, ಸ್ಟಾರ್ ಮತ್ತೆ ಚಪ್ಪಟೆ ಸ್ಕ್ರೂ ಡ್ರೈವರ್, ಫೋಕ್ಸ್‌ವ್ಯಾಗನ್ ಸ್ಕೋಡಾ ಆದ್ರೆ ಟಾರ್ಕ್ಸ್ ಬಿಟ್, ನೋಸ್ ಪ್ಲೇಯರ್, ಸರ್ಕ್ಲಿಪ್ ಪ್ಲೇಯರ್, ಪ್ಲಾಸ್ಟಿಕ್ ಪಟ್ಟಿ (ಡ್ಯಾಶ್ ಬಿಚ್ಚೋದು, ಇಲ್ದಿದ್ರೆ ಸ್ಕ್ರೂ ಡ್ರೈವರ್ ತುದಿಗೆ ಬಟ್ಟೆ ಸುತ್ಕೊಳ್ಳಿ), ಬಿಳಿ ಲಿಥಿಯಂ ಗ್ರೀಸ್, ರಬ್ಬರ್ ಇರೋ ಜಾಗಕ್ಕೆ ಸಿಲಿಕಾನ್ ಗ್ರೀಸ್, ನೀಲಿ ಥ್ರೆಡ್ ಲಾಕ್ (ಬೋಲ್ಟ್ ಸಡಿಲ ಆಗದಂಗೆ ಹಾಕೋ ಅಂಟು), ಟಾರ್ಚ್, ಒಂದು ವೈಟ್ನರ್ ಪೆನ್, ಸ್ಕೇಲ್. ಗಾಡಿ ಕೆಳಗೆ ಹೋಗೋ ಥರ ಇದ್ರೆ ಸ್ಟ್ಯಾಂಡ್ ಬೇಕೇ ಬೇಕು, ಬರೀ ಜಾಕಿ ನಂಬಿ ಕೆಳಗೆ ಮಲಗ್ಬೇಡಿ. ಜೊತೆಗೆ ಒಬ್ಬರು ಇರ್ಬೇಕು, ಅದು ಸಾಮಾನಿಗಿಂತ ಮುಖ್ಯ, ಯಾಕೆ ಅಂತ 7ನೇ ಹಂತದಲ್ಲಿ ಗೊತ್ತಾಗುತ್ತೆ.

ಕೆಲಸ ಶುರು

1. ನಿಲ್ಲಿಸೋದು, ಅಳತೆ ತಗೊಳ್ಳೋದು. ಸಮತಟ್ಟಾದ ಜಾಗ, ತಣ್ಣಗಿರೋ ಇಂಜಿನ್. ಹ್ಯಾಂಡ್ ಬ್ರೇಕ್ ಎಳೆದು ಎರಡು ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಕೆಲಸದ ಮಧ್ಯೆ ಗಾಡಿ ಎಷ್ಟೋ ಸಲ ನ್ಯೂಟ್ರಲ್‌ಗೆ ಬರುತ್ತೆ, ಬರೀ ಹ್ಯಾಂಡ್ ಬ್ರೇಕ್ ಸಾಲಲ್ಲ. ಬಿಚ್ಚೋ ಮುಂಚೆ ಡ್ಯಾಶ್‌ನ ಒಂದು ಗುರುತಿನಿಂದ ನಾಬ್ ತನಕ ಒಂದನೇ ಗೇರಲ್ಲಿ ಎಷ್ಟು, ಎರಡರಲ್ಲಿ ಎಷ್ಟು, ನ್ಯೂಟ್ರಲ್‌ನಲ್ಲಿ ಎಷ್ಟು ಅಂತ ಅಳೆದು ಬರ್ಕೊಳ್ಳಿ. ಆಮೇಲೆ ಥ್ರೋ ಎಷ್ಟು ಕಮ್ಮಿ ಆಯ್ತು ಅಂತ ಹೇಳೋದು ಈ ಅಳತೇನೇ.

2. ಬ್ಯಾಟರಿ ನೆಗೆಟಿವ್ ಬಿಚ್ಚಿ, ಹತ್ತು ನಿಮಿಷ ಕಾಯಿರಿ. ಇದನ್ನ ಹಾರಿಸ್ಬೇಡಿ. ಬಹಳ ಕಾರುಗಳಲ್ಲಿ ಏರ್‌ಬ್ಯಾಗ್ ಕಂಪ್ಯೂಟರ್ ಗೇರ್ ರಾಡ್ ಮುಂದೆ, ಕನ್ಸೋಲ್ (ಎರಡು ಸೀಟಿನ ಮಧ್ಯದ ಪ್ಲಾಸ್ಟಿಕ್ ಕವಚ) ಕೆಳಗೇ ಇರುತ್ತೆ, ಸಾಮಾನ್ಯವಾಗಿ ಅದರ ಕನೆಕ್ಟರ್ ಹಳದಿ ಬಣ್ಣದ್ದು. ಅದರ ಹತ್ರ ಸುತ್ತಿಗೆ ಕೆಲಸ ಬೇಡ, ಕನೆಕ್ಟರ್ ಬಿಚ್ಚಿ ಇಗ್ನಿಷನ್ ಆನ್ ಮಾಡೋದಂತೂ ಬೇಡವೇ ಬೇಡ, ಏರ್‌ಬ್ಯಾಗ್ ಲೈಟ್ ಹತ್ತಿದ್ರೆ ಸ್ಕ್ಯಾನರ್ ಹಾಕದೆ ಹೋಗಲ್ಲ. ಸ್ಟೀರಿಯೋಗೆ ಕೋಡ್ ಇರೋ ಗಾಡಿ ಆದ್ರೆ ಬ್ಯಾಟರಿ ಬಿಚ್ಚೋ ಮುಂಚೇನೇ ಕೋಡ್ ಹುಡುಕಿಟ್ಕೊಳ್ಳಿ.

3. ನಾಬ್ ಮತ್ತೆ ಬೂಟ್. ಬೂಟ್ ಅಂದ್ರೆ ರಾಡ್ ಸುತ್ತ ಇರೋ ರೆಕ್ಸಿನ್ ಚೀಲ. ಬಹಳ ಗಾಡೀಲಿ ನಾಬ್ ತಿರುಗಿಸಿದ್ರೆ ಬರುತ್ತೆ. ಹೋಂಡಾದಲ್ಲಿ ಮರೆ (ಥ್ರೆಡ್) 10 ಎಂಎಂ 1.5 ಪಿಚ್, ಟೊಯೋಟಾದಲ್ಲಿ 12 ಎಂಎಂ 1.25 ಪಿಚ್, ಹೊಸ ನಾಬ್ ತಗೊಳ್ಳೋವ್ರು ಇದನ್ನ ನೋಡಿ ತಗೊಳ್ಳಿ. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ನಾಬೂ ಬೂಟೂ ಒಟ್ಟಿಗೆ ಬರುತ್ತೆ, ಕೆಳಗೆ ಒತ್ತಿ ಕೂರಿಸಿರೋ ಕ್ಲ್ಯಾಂಪ್ ಇರುತ್ತೆ, ಬಿಚ್ಚಿದ್ರೆ ಅದು ಹಾಳು, ಹೊಸ ಕ್ಲ್ಯಾಂಪ್ ಮೊದಲೇ ತಂದಿಟ್ಕೊಳ್ಳಿ. ರಿವರ್ಸ್‌ಗೆ ಉಂಗುರ ಎತ್ತೋ ಗಾಡೀಲಿ, ಹ್ಯುಂಡೈ ಥರದವು, ಆ ಉಂಗುರ ಒಳಗೆ ಹೇಗೆ ಸಿಕ್ಕೊಂಡಿದೆ ಅಂತ ಫೋಟೋ ತೆಗೆದೇ ಮುಂದಕ್ಕೆ ಹೋಗಿ. ಎಳೆದು ಕಿತ್ತು ಮುಖಕ್ಕೆ ನಾಬ್ ಬಡಿಸ್ಕೋಬೇಡಿ, ತಿರುಗಿಸ್ತಾ ಎತ್ತಿ.

4. ಕನ್ಸೋಲ್. ಸೀಟ್ ಪೂರ್ತಿ ಹಿಂದಕ್ಕೆ ತಳ್ಳಿ ಮುಂದಿನ ಸ್ಕ್ರೂ, ಪೂರ್ತಿ ಮುಂದಕ್ಕೆ ತಳ್ಳಿ ಹಿಂದಿನ ಸ್ಕ್ರೂ. ಕಪ್ ಇಡೋ ಜಾಗದ ರಬ್ಬರ್ ಕೆಳಗೆ, ಹ್ಯಾಂಡ್ ಬ್ರೇಕ್ ಚೀಲದ ಕೆಳಗೆ ಅಡಗಿರೋ ಸ್ಕ್ರೂ ನೋಡಿ. ಬರ್ತಾ ಇಲ್ಲ ಅಂದ್ರೆ ಎಲ್ಲೋ ಒಂದು ಸ್ಕ್ರೂ ಇದೆ ಅಂತ ಅರ್ಥ, ಜೋರು ಮಾಡಿದ್ರೆ ಪ್ಲಾಸ್ಟಿಕ್ ಲಾಕ್ ಮುರಿಯುತ್ತೆ, ಆಮೇಲೆ ಗಾಡಿ ಇರೋ ತನಕ ಕಟಕಟ ಸದ್ದು. ಎಲ್ಲಾ ಸ್ಕ್ರೂನೂ ಎಲ್ಲಿಂದ ಬಂತೋ ಹಂಗೇ ಒಂದು ರಟ್ಟಿನ ಮೇಲೆ ಚುಚ್ಚಿಡಿ.

5. ಗೇರ್ ಬಾಕ್ಸ್ ಕಡೆ ಗುರುತು ಹಾಕೋದು. ಇದನ್ನ ಯಾರೂ ಹೇಳಲ್ಲ, ಅದಕ್ಕೇ ನಾನು ಒತ್ತಿ ಹೇಳ್ತೀನಿ. ಏರ್ ಫಿಲ್ಟರ್ ಡಬ್ಬಿ, ಬೇಕಾದ್ರೆ ಬ್ಯಾಟರಿ ಮತ್ತೆ ಅದರ ತಟ್ಟೆ ತೆಗೆದ್ರೆ ಗೇರ್ ಬಾಕ್ಸ್ ಮೇಲೆ ಎರಡು ಕೈ, ಅವಕ್ಕೆ ಸಿಗಿಸಿರೋ ಎರಡು ಕೇಬಲ್ ಕಾಣುತ್ತೆ. ಕೇಬಲ್ ತುದಿ ಒಂದೋ ಗುಂಡಿನ ಮೇಲೆ ಒತ್ತಿ ಕೂರಿಸಿರೋದು, ಇಲ್ಲಾ ಪಿನ್ ಹಾಕಿ ಲಾಕ್ ಮಾಡಿರೋದು. ಗುಂಡಿಂದ ಬಿಡಿಸುವಾಗ ಸ್ಕ್ರೂ ಡ್ರೈವರನ್ನ ಕೇಬಲ್‌ಗೇ ಊರಿ ಮೀಟ್ಬೇಡಿ, ಬಿಸಿಗೆ ಆ ಪ್ಲಾಸ್ಟಿಕ್ ಒಣಗಿ ಬಿಸ್ಕತ್ತಿನ ಥರ ಆಗಿರುತ್ತೆ, ಒಡೆದ್ರೆ ಪೂರ್ತಿ ಕೇಬಲ್ಲೇ ತರ್ಬೇಕು. ಬಾಯಿ ತೆರೆದಿರೋ ಸ್ಪ್ಯಾನರನ್ನ ಗುಂಡಿನ ಬುಡಕ್ಕೆ ತೂರಿಸಿ ನೇರವಾಗಿ ಮೇಲಕ್ಕೆ ಎತ್ತಿ.

ಎರಡೂ ಕೇಬಲ್ ಬಿಡಿಸಿದ ಮೇಲೆ ಸೆಲೆಕ್ಟ್ ಕೈನ ಬಿಟ್ರೆ ಅದು ಒಳಗಿನ ಸ್ಪ್ರಿಂಗ್‌ನಿಂದ ತಾನೇ 3-4 ಸಾಲಿಗೆ ಬಂದು ನಿಲ್ಲುತ್ತೆ. ಈಗ ಶಿಫ್ಟ್ ಕೈನ ಕೈಯಿಂದಲೇ ಒಂದು ಕಡೆ ತಳ್ಳಿ, ಗೇರ್ ಟಕ್ ಅಂತ ಪೂರ್ತಿ ಕೂತು ನಿಲ್ಲೋ ತನಕ. ಕೂರ್ತಾ ಇಲ್ಲ ಅಂದ್ರೆ ಒಳಗೆ ಹಲ್ಲಿಗೆ ಹಲ್ಲು ಎದುರಾಗಿರುತ್ತೆ, ಹ್ಯಾಂಡ್ ಬ್ರೇಕ್ ಬಿಟ್ಟು, ಕಲ್ಲು ಸ್ವಲ್ಪ ಸಡಿಲ ಮಾಡಿ ಜೊತೆಗಿರೋವ್ರಿಗೆ ಗಾಡಿನ ಒಂದು ಗೇಣು ಹಿಂದೆ ಮುಂದೆ ಅಲ್ಲಾಡ್ಸಕ್ಕೆ ಹೇಳಿ, ಕೂರುತ್ತೆ, ಆಮೇಲೆ ಬ್ರೇಕ್ ಎಳೆದು ಕಲ್ಲು ವಾಪಸ್ ಕೊಡಿ. ಆ ಕೈ ನಿಂತ ಜಾಗಕ್ಕೆ ಎದುರಾಗಿ ಗೇರ್ ಬಾಕ್ಸ್ ಮೇಲೆ ವೈಟ್ನರ್‌ನಿಂದ ಒಂದು ಗೆರೆ. ಇನ್ನೊಂದು ಕಡೆ ತಳ್ಳಿ ಇನ್ನೊಂದು ಗೆರೆ. ಮಧ್ಯ ನ್ಯೂಟ್ರಲ್‌ಗೂ ಒಂದು ಗೆರೆ. ಈ ಮೂರು ಗೆರೆ ಇದ್ರೆ ಆಮೇಲೆ ಊಹೆ ಮಾಡೋ ಅಗತ್ಯಾನೇ ಇರಲ್ಲ. ಗೇರ್ ಬಾಕ್ಸ್ ಮೇಲಿನ ಕೈನೇ ಬದಲಾಯಿಸೋ ಕಿಟ್ ಆದ್ರೆ ಗೆರೆನ ಕೈ ತುದಿಗಲ್ಲ, ಅದರ ನಡುವಿನ ಶಾಫ್ಟ್ ಹತ್ರಾನೇ ಹಾಕಿ, ಹೊಸ ಕೈ ಗಿಡ್ಡ ಇರೋದ್ರಿಂದ ತುದಿಯ ಗೆರೆ ಕೆಲಸಕ್ಕೆ ಬರಲ್ಲ.

6. ರಾಡ್ ಬದಲಾಯಿಸೋದು. ಕ್ಯಾಬಿನ್ ಕಡೆ ಕೇಬಲ್ ತುದಿಗಳನ್ನ ಬಿಡಿಸಿ, ಕೇಬಲ್ ಹೊರಗವಚ ಹಿಡ್ಕೊಂಡಿರೋ ಕುದುರೆ ಲಾಳದ ಥರದ ಕ್ಲಿಪ್ ಮೇಲಕ್ಕೆ ಎಳೀರಿ, ಹೌಸಿಂಗ್ (ರಾಡ್ ಕೂತಿರೋ ಚೌಕಟ್ಟು) ಹಿಡಿದಿರೋ ಬೋಲ್ಟ್ ಬಿಚ್ಚಿ (ಸಾಮಾನ್ಯವಾಗಿ ನಾಲ್ಕು). ಹೌಸಿಂಗ್ ಹೊರಗೆ ತಂದು ಬಿಳೀ ಬಟ್ಟೆ ಮೇಲಿಟ್ಟು ಬಿಚ್ಚಿ, ಸ್ಪ್ರಿಂಗ್ ಹಾರಿದ್ರೆ ಕಾಣ್ಬೇಕು. ಯಾವ ವಾಶರ್ ಆದ ಮೇಲೆ ಯಾವ್ದು, ಸ್ಪ್ರಿಂಗ್‌ನ ಯಾವ ಕೊನೆ ಯಾವ ಕಡೆ, ಪ್ರತಿಯೊಂದಕ್ಕೂ ಫೋಟೋ. ಹಳೇ ರಾಡಿನ ಪ್ಲಾಸ್ಟಿಕ್ ಗುಂಡು, ಬುಷ್ ಹೊಸ ರಾಡಿಗೆ ಹಾಕ್ಬೇಕಾದ ಕಿಟ್ ಆದ್ರೆ ಸವೆದಿದ್ಯಾ ನೋಡಿ, ಸವೆದಿದ್ರೆ ಈಗ್ಲೇ ಹೊಸದು ಹಾಕಿ, ಇಷ್ಟೆಲ್ಲ ಬಿಚ್ಚಿ ಮತ್ತೆ ಅದೇ ಲೊಡಲೊಡ ಇಟ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ. ಬುಷ್ ಎಲ್ಲೂ ಸಿಗ್ಲಿಲ್ಲ ಅಂದ್ರೆ ಒಳ್ಳೆ ಲೇತ್ ಅಂಗಡೀಲಿ ಅಳತೆ ಕೊಟ್ರೆ ಹಿತ್ತಾಳೇಲಿ ತಿರುಗಿಸಿ ಕೊಡ್ತಾರೆ, ಅದು ರಬ್ಬರ್‌ಗಿಂತ ಬಿಗಿಯಾಗಿ ಕೂರುತ್ತೆ, ಆದ್ರೆ ಇಂಜಿನ್ ನಡುಕ ನಾಬ್‌ಗೆ ಸ್ವಲ್ಪ ಜಾಸ್ತಿ ಬರುತ್ತೆ.

ಲೇತ್ ಅಂಗಡಿ ಅಂದಾಗ ಇನ್ನೊಂದು ಹೇಳ್ಬೇಕು. ಕಿಟ್‌ಗೆ ಯಾಕೆ ದುಡ್ಡು, ಹಳೇ ರಾಡನ್ನೇ ಕಟ್ ಮಾಡಿಸಿ ಕೆಳಗೆ ಉದ್ದ ಬೆಸುಗೆ ಹಾಕಿಸೋಣ ಅಂತ ಕೇಳೋವ್ರು ತುಂಬಾ ಇದ್ದಾರೆ. ದಯವಿಟ್ಟು ಬೇಡ. ಶಾರ್ಟ್ ಶಿಫ್ಟರ್‌ನಲ್ಲಿ ಕೈಯಿಂದ ಬೀಳೋ ಬಲ ಮೊದಲೇ ಜಾಸ್ತಿ, ಅದು ಬೀಳೋದು ಸರಿಯಾಗಿ ಆ ಬೆಸುಗೆ ಮೇಲೇ. ನಂದಿಯಿಂದ ಇಳಿಯುವಾಗ ಸೆಕೆಂಡ್‌ಗೆ ಹಾಕೋ ಹೊತ್ತಲ್ಲಿ ರಾಡ್ ಕೈಗೆ ಬಂದ್ರೆ ಇಂಜಿನ್ ಬ್ರೇಕ್ ಇಲ್ಲದೆ, ನ್ಯೂಟ್ರಲ್‌ನಲ್ಲಿ, ಇಳಿಜಾರಲ್ಲಿ ಇರ್ತೀರಿ. ಮೇಲಿನ ಭಾಗ ಸ್ವಲ್ಪ ಕಟ್ ಮಾಡಿ ಮರೆ ಹಾಕಿಸಿ ನಾಬ್ ಕೆಳಗಿಳಿಸೋದು ಬೇರೆ ಮಾತು, ಅದ್ರಲ್ಲಿ ಬೆಸುಗೆ ಇಲ್ಲ, ಅದನ್ನ ಮಾಡ್ಬೋದು, ಅದರಿಂದಾನೂ ಥ್ರೋ ಕಮ್ಮಿ ಆಗುತ್ತೆ.

ಗುಂಡಿಗೆ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಸಾಕು. ಮೆತ್ತಿ ಮೆತ್ತಿ ಹಾಕಿದ್ರೆ ನಮ್ಮ ಧೂಳಿಗೆ ಅದೇ ಸಾಣೆ ಆಗುತ್ತೆ.

7. ಕೂರಿಸಿ ಹೊಂದಿಸೋದು. ಹೌಸಿಂಗ್ ವಾಪಸ್ ಕೂರಿಸಿ, ಬೋಲ್ಟ್‌ಗೆ ಒಂದು ಹನಿ ನೀಲಿ ಥ್ರೆಡ್ ಲಾಕ್. ಬಿಗಿ ಎಷ್ಟು ಅಂತ ಸರ್ವೀಸ್ ಪುಸ್ತಕದಲ್ಲಿ ಇರುತ್ತೆ. ತಗಡಿಗೆ ಬೆಸೆದಿರೋ ಚಿಕ್ಕ ನಟ್ಟಿಗೆ ಬೋಲ್ಟ್ ಹೋಗೋದು, ತೋಳಿನ ಬಲ ತೋರಿಸಿದ್ರೆ ಮರೆ ಕಿತ್ತೋಗುತ್ತೆ.

ಈಗ ಹೊಂದಿಸೋದು. ತತ್ವ ಒಂದೇ: ಗೇರ್ ಬಾಕ್ಸ್ ನ್ಯೂಟ್ರಲ್‌ನಲ್ಲಿ 3-4 ಸಾಲಲ್ಲಿ ಇರುವಾಗ ಕ್ಯಾಬಿನ್ ರಾಡೂ ಅದೇ ಜಾಗದಲ್ಲಿ, ನೆಟ್ಟಗೆ ನಿಂತಿರ್ಬೇಕು, ಆ ಹೊತ್ತಲ್ಲಿ ಕೇಬಲ್ ಎಳೆದೂ ಇರಬಾರ್ದು, ತಳ್ಳಿಯೂ ಇರಬಾರ್ದು. ಆ ಸ್ಥಿತೀಲಿ ಕೇಬಲ್ ಉದ್ದ ಹೊಂದಿಸೋ ಅಡ್ಜಸ್ಟರ್ ಲಾಕ್ ಮಾಡೋದು. ಪೋಲೋ, ವೆಂಟೋ, ರ್‍ಯಾಪಿಡ್ ಥರದವುಗಳಲ್ಲಿ ಇದಕ್ಕೆ ಕಂಪನಿಯವ್ರೇ ದಾರಿ ಮಾಡಿಟ್ಟಿದಾರೆ: ಕೇಬಲ್ ತುದಿಯ ಸ್ಪ್ರಿಂಗ್ ಕಾಲರ್ ಎಳೆದು ತಿರುಗಿಸಿ ಸಡಿಲ ಮಾಡೋದು, ಬಾಕ್ಸ್ ಮೇಲಿನ ಶಾಫ್ಟ್ ಒತ್ತಿ ಅದರ ಲಾಕ್ ಕೈಯಿಂದ ಹಿಡಿಸೋದು, ಕ್ಯಾಬಿನ್ ರಾಡನ್ನ ನ್ಯೂಟ್ರಲ್‌ನಲ್ಲೇ ಎಡಕ್ಕೆ 1-2 ಸಾಲಿಗೆ ತಂದು (ಇವುಗಳಲ್ಲಿ ಹೊಂದಿಸೋದು ಆ ಸಾಲಲ್ಲಿ) ಅದರ ತೂತಿಗೆ ಪಿನ್ ತೂರಿಸಿ ಅದನ್ನೂ ಹಿಡಿಸೋದು, ಆಮೇಲೆ ಕಾಲರ್ ಬಿಟ್ರೆ ಕೇಬಲ್ ತಾನೇ ಸರಿಯಾದ ಉದ್ದಕ್ಕೆ ಕೂರುತ್ತೆ. ಕೊನೇಲಿ ಪಿನ್ನೂ ಲಾಕೂ ತೆಗೆಯೋದು ಮರೀಬೇಡಿ. ಬೇರೆ ಕೆಲವು ಗಾಡೀಲಿ ಅಡ್ಜಸ್ಟರೇ ಇರಲ್ಲ, ಅಂಥದ್ರಲ್ಲಿ ಕಿಟ್ ಮಾಡಿರೋವ್ರ ಅಳತೇನೇ ಸರಿ ಇರ್ಬೇಕು, ಅದಕ್ಕೇ ಕಿಟ್ ಹೋಲಿಸಿ ತಗೊಳ್ಳಿ ಅಂದಿದ್ದು.

ಕೇಬಲ್ ಸಿಗಿಸಿದ ಮೇಲೆ ನೀವು ಬಾನೆಟ್ ಹತ್ರ ನಿಂತ್ಕೊಳ್ಳಿ, ಜೊತೆಗಿರೋವ್ರು ಒಳಗೆ ಕೂತು ಕ್ಲಚ್ ಒತ್ತಿ ಒಂದೊಂದೇ ಗೇರ್ ಹಾಕ್ಲಿ, ಇಂಜಿನ್ ಆಫ್ ಇರ್ಲಿ. ಪ್ರತಿ ಸಲ ಶಿಫ್ಟ್ ಕೈ ನಿಮ್ಮ ವೈಟ್ನರ್ ಗೆರೆಗೆ ಸರಿಯಾಗಿ ಬಂದು ನಿಲ್ತಾ ಇದೆಯಾ ನೋಡಿ. ಮೂರಕ್ಕೆ ಗೆರೆ ಮುಟ್ಟಿ ನಾಲ್ಕಕ್ಕೆ ಸ್ವಲ್ಪ ಹಿಂದೇನೇ ನಿಂತ್ರೆ ನ್ಯೂಟ್ರಲ್ ಒಂದು ಕಡೆ ಸರಿದಿದೆ ಅಂತ, ಅಡ್ಜಸ್ಟರ್ ಮತ್ತೆ ಹೊಂದಿಸಿ. ಎರಡೂ ಕಡೆ ಗೆರೆ ಮುಟ್ತಾ ಇಲ್ಲ ಅಂದ್ರೆ ರಾಡ್ ಒಳಗೆ ಎಲ್ಲೋ ಹೌಸಿಂಗ್‌ಗೆ ಬಡೀತಾ ಇದೆ, ಇಲ್ಲಾ ಕಿಟ್ಟೇ ತಪ್ಪು. ಈ ಗೆರೆ ಮುಟ್ಟದೇ ಇರೋದನ್ನ ಸಣ್ಣದು ಅಂದ್ಕೋಬೇಡಿ. ಗೇರ್ ಅರ್ಧ ಕೂತ್ರೂ ಗಾಡಿ ಓಡುತ್ತೆ, ಚೆನ್ನಾಗೇ ಓಡುತ್ತೆ, ಆದ್ರೆ ಹಲ್ಲಿನ ತುದಿ ಮಾತ್ರ ಕಚ್ಕೊಂಡಿರುತ್ತೆ. ಲೋಡ್ ಬಿದ್ದಾಗೆಲ್ಲ ಆ ತುದಿ ದುಂಡಗೆ ಸವೆಯುತ್ತೆ, ಸ್ವಲ್ಪ ದಿನದಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನೇ ನ್ಯೂಟ್ರಲ್‌ಗೆ ಹಾರುತ್ತೆ. ಆಗ ಮದ್ದು ಗೇರ್ ಬಾಕ್ಸ್ ಬಿಚ್ಚೋದೊಂದೇ.

8. ಕನ್ಸೋಲ್ ಹಾಕೋ ಮುಂಚೆ. ಬ್ಯಾಟರಿ, ಏರ್ ಫಿಲ್ಟರ್ ವಾಪಸ್ ಹಾಕಿ. ರಿವರ್ಸ್ ಹಾಕಿ ಹಿಂದಿನ ಲೈಟ್ ಹತ್ತುತ್ತಾ ನೋಡಿ. ಇಂಜಿನ್ ಸ್ಟಾರ್ಟ್ ಮಾಡಿ ಕ್ಲಚ್ ಒತ್ತಿ ಎಲ್ಲಾ ಗೇರೂ ಒಂದೊಂದು ಸಲ ಹಾಕಿ, ಒಂದು ಮತ್ತೆ ರಿವರ್ಸ್‌ನಲ್ಲಿ ಗಾಡಿ ಒಂದೆರಡು ಅಡಿ ಹಂಗೇ ಅಲ್ಲಾಡ್ಸಿ. ರಿವರ್ಸ್ ಲಾಕ್ ಕೆಲಸ ಮಾಡ್ತಿದೆಯಾ, ಅಂದ್ರೆ ಉಂಗುರ ಎತ್ತದೆ ಅಥವಾ ಒತ್ತದೆ ರಿವರ್ಸ್ ಬೀಳಬಾರ್ದು, ಅದನ್ನ ಬೇಕಂತಲೇ ಪರೀಕ್ಷೆ ಮಾಡಿ. ಎಲ್ಲಾ ಸರಿ ಇದ್ರೆ ಕನ್ಸೋಲ್ ಹಾಕಿ, ಹಾಕಿದ ಮೇಲೆ ಇನ್ನೊಂದು ಸಲ ಎಲ್ಲಾ ಗೇರ್. ಕನ್ಸೋಲ್ ಇಲ್ಲದಾಗ ಸರಿ ಬರ್ತಿದ್ದ ಐದನೇ ಗೇರ್ ಅಥವಾ ರಿವರ್ಸ್, ಕನ್ಸೋಲ್ ಹಾಕಿದ ಮೇಲೆ ಅಂಚಿಗೆ ತಗುಲಿ ಪೂರ್ತಿ ಕೂರದೇ ಇರೋದು ಈ ಕೆಲಸದಲ್ಲಿ ತುಂಬಾ ಸಾಮಾನ್ಯ. ಬೂಟ್ ಬಟ್ಟೆ ಬಿಗಿಯಾಗಿದ್ರೂ ಹಂಗೇ ಎಳೆಯುತ್ತೆ.

9. ಓಡ್ಸಿ ನೋಡೋದು. ಶನಿವಾರ ಭಾನುವಾರ ನಂದಿ ರಸ್ತೆಗೂ ಆದಿಯೋಗಿ ಕಡೆಗೂ ಹೋಗ್ಲೇಬೇಡಿ, ಆ ಟ್ರಾಫಿಕ್ ಮಧ್ಯೆ ಹೊಸ ಗೇರ್ ಕಲಿಯೋಕಾಗಲ್ಲ. ವಾರದ ದಿನ ಬೆಳಿಗ್ಗೆ ಹಳ್ಳಿ ಕಡೆ ಖಾಲಿ ರಸ್ತೇಲಿ ಶುರು ಮಾಡಿ. ಪ್ರತಿ ಗೇರಲ್ಲೂ ಸ್ವಲ್ಪ ಆಕ್ಸಿಲರೇಟರ್ ಒತ್ತಿ, ಒಂದೇ ಸಲ ಬಿಡಿ, ಮತ್ತೆ ಒತ್ತಿ. ಗೇರ್ ಹಾರಿ ನ್ಯೂಟ್ರಲ್‌ಗೆ ಬರಬಾರ್ದು. ಬಂದ್ರೆ ನಿಧಾನಕ್ಕೆ ಮನೆಗೆ ಬಂದು 7ನೇ ಹಂತಕ್ಕೆ ವಾಪಸ್. ಆಮೇಲೆ ಹೈವೇ 44 ಕ್ಕೆ ಹೋಗಿ ಐದು, ಆರು ನೋಡಿ. ಸ್ವಲ್ಪ ದಿನ ನಾಬ್‌ನ ಅಂಗೈಯಲ್ಲಿ ಮೆಲ್ಲಗೆ ಹಿಡಿದು ಹಾಕಿ, ಮುಷ್ಟಿ ಕಟ್ಟಿ ಎಳೀಬೇಡಿ, ಮುಖ್ಯವಾಗಿ ನಾಲ್ಕರಿಂದ ಮೂರಕ್ಕೆ ಇಳಿಸುವಾಗ: ಕೈಯನ್ನ ಸ್ಪ್ರಿಂಗ್ ಕರ್ಕೊಂಡೋಗೋ ಕಡೆಗೆ ಬಿಟ್ರೆ ಅದು ತಾನೇ ನಡು ಸಾಲಿಗೆ ಬರುತ್ತೆ.

ಗೇರ್ ಹಾಕುವಾಗ ಬಿಗಿ ಜಾಸ್ತಿ ಅನ್ನಿಸಿದ್ರೆ ತೂಕದ ನಾಬ್ ಹಾಕಿ ನೋಡಿ, ಆ ತೂಕದ ಓಘ ಸಿಂಕ್ರೋ ದಾಟಕ್ಕೆ ಸಹಾಯ ಮಾಡುತ್ತೆ, ಬಿಗಿ ಕಮ್ಮಿ ಆದಂಗೆ ಅನ್ನಿಸುತ್ತೆ.

ಕಬ್ಬಿಣದ ರಾಡ್ ಗಾಡಿ, ನೇರ ರಾಡ್ ಗಾಡಿ

ಹಳೇ ಸಿಟಿ, ಎಸ್ಟೀಮ್ ಥರದವಕ್ಕೆ ಕೆಲಸ ಗಾಡಿ ಕೆಳಗೆ. ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಹೋಗೋದ್ರಿಂದ ಪೂರ್ತಿ ತಣ್ಣಗಾದ ಮೇಲೇ ಕೈ ಹಾಕಿ. ಗೇರ್ ಬಾಕ್ಸ್ ಕಡೆಯ ರೋಲ್ ಪಿನ್ ತುಕ್ಕು ಹಿಡಿದು ಜಗ್ಗದೇ ಇರೋದು ಮಾಮೂಲಿ, ಆದ್ರೆ ಬರೀ ಮೇಲಿನ ರಾಡ್ ಬದಲಾಯಿಸಕ್ಕೆ ಆ ಪಿನ್ ಮುಟ್ಟೋ ಅಗತ್ಯಾನೇ ಇರಲ್ಲ, ರಾಡ್ ಬುಡದ ಬೋಲ್ಟ್ ಬಿಚ್ಚಿದ್ರೆ ಸಾಕು. ಅಲ್ಲಿರೋ ಬುಷ್‌ಗಳನ್ನ ಅದೇ ಸಲಕ್ಕೆ ಬದಲಾಯಿಸಿ. ಹೊಸ ರಾಡಿನ ಕೆಳಭಾಗ ಉದ್ದ ಇರೋದ್ರಿಂದ ಸೈಲೆನ್ಸರ್ ಶೀಲ್ಡ್‌ಗೆ ತಗುಲುತ್ತಾ ಅಂತ ಎಲ್ಲಾ ಗೇರಲ್ಲೂ ನೋಡಿ.

ನೇರ ರಾಡ್ ಗಾಡೀಲಿ ಚೀಲ ಎತ್ತಿ, ಮೂರೋ ನಾಲ್ಕೋ ಬೋಲ್ಟ್ ಬಿಚ್ಚಿದ್ರೆ ರಾಡ್ ಮೇಲಕ್ಕೆ ಬರುತ್ತೆ, ಒಳಗೆ ಗೇರ್ ಆಯಿಲ್ ಕಾಣುತ್ತೆ. ಬಿಚ್ಚೋ ಮುಂಚೆ ಸುತ್ತ ಇರೋ ಮಣ್ಣನ್ನ ಒರೆಸಿ, ವ್ಯಾಕ್ಯೂಮ್ ಇದ್ರೆ ಎಳೀರಿ, ರಾಡ್ ಎತ್ತಿದ ತಕ್ಷಣ ಆ ತೂತಿಗೆ ಸ್ವಚ್ಛವಾದ ಬಟ್ಟೆ ತುರುಕಿ. ಒಂದು ವಾಶರ್ ಒಳಗೆ ಬಿದ್ರೆ ಬಾಕ್ಸ್ ಇಳಿಸ್ಬೇಕಾಗುತ್ತೆ. ರಾಡ್ ತುದಿಯ ನೈಲಾನ್ ಬುಷ್ ಹೊಸದು ಹಾಕಿ, ವಾಪಸ್ ಮುಚ್ಚುವಾಗ ಗ್ಯಾಸ್ಕೆಟ್ ಅಥವಾ ಸೀಲಂಟ್ ಮರೀಬೇಡಿ. ಇದ್ರಲ್ಲಿ ಕೇಬಲ್ ಹೊಂದಿಸೋ ತಲೆನೋವಿಲ್ಲ.

ವಾರಂಟಿ, ಆರ್‌ಸಿ

ವಾರಂಟಿ ಇರೋ ಗಾಡಿಗೆ ಹಾಕಿದ್ರೆ ಗೇರ್ ಬಾಕ್ಸ್, ಕ್ಲಚ್ ವಿಷಯದಲ್ಲಿ ಶೋರೂಮ್‌ನವ್ರು ವಾರಂಟಿ ನಿರಾಕರಿಸೋ ಸಾಧ್ಯತೆ ಇದೆ, ಮುಗಿಯೋ ತನಕ ಕಾಯೋದು ಒಳ್ಳೇದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿ ಬದಲಾವಣೆ ಬಗ್ಗೆ ಹೇಳೋದು ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಥರ ಮಾರ್ಪಾಡು ಮಾಡಬಾರ್ದು ಅಂತ. ಆರ್‌ಸಿಯಲ್ಲಿ ಇಂಜಿನ್ ನಂಬರ್, ಚಾಸಿ ನಂಬರ್, ಇಂಧನ, ಬಣ್ಣ, ಸೀಟು ಇಂಥವು ಇರುತ್ತೆ, ಗೇರ್ ರಾಡಿನ ಉದ್ದ ಇರಲ್ಲ. ಆದ್ರೂ ಕಿಟ್ ಬಿಲ್ ಇಟ್ಕೊಂಡಿರಿ.

ಒಂದು 500 ಕಿಲೋಮೀಟರ್ ಓಡಿದ ಮೇಲೆ ಬಾನೆಟ್ ಎತ್ತಿ ಕೇಬಲ್ ಕ್ಲಿಪ್, ಅಡ್ಜಸ್ಟರ್, ಬೋಲ್ಟ್ ಎಲ್ಲಾ ಒಂದು ಸಲ ಮುಟ್ಟಿ ನೋಡಿ, ಶಿಫ್ಟ್ ಕೈ ಇನ್ನೂ ಗೆರೆ ಮುಟ್ತಾ ಇದೆಯಾ ಅಂತ ಜೊತೆಗೊಬ್ಬರನ್ನ ಕೂರಿಸಿ ನೋಡಿ. ಬಿಚ್ಚಿದ ಹಳೇ ರಾಡ್, ಬುಷ್, ಬೋಲ್ಟ್ ಎಲ್ಲಾ ಒಂದು ಕವರಿಗೆ ಹಾಕಿ ಗಾಡಿ ಹೆಸರು ಬರೆದು ಅಟ್ಟದ ಮೇಲಿಡಿ, ಗಾಡಿ ಮಾರುವಾಗ ತಗೊಳ್ಳೋವ್ರು ಕಂಪನಿದೇ ಬೇಕು ಅಂದ್ರೆ ಆಗ ಹಾಕಿ ಕೊಡ್ಬೋದು.